ಸಾಲಿನ ನಂತರದ ಜಾಗ

ಗ್ಲಾಸ್ಗೋ
ಸೋಮವಾರ, 4 ಮಾರ್ಚ್ 2019

ಪ್ರೀತಿಯ ಅಪ್ಪಾ,

ನಿನ್ನೆ ಚರ್ಚಿನಲ್ಲಿ ಕೀರ್ತನೆಯ ಎರಡನೆಯ ಸಾಲಿಗೆ ನಿಮ್ಮ ದನಿ ಹೊರಡಲಿಲ್ಲ, ನೀವು ಕುಳಿತುಬಿಟ್ಟಿರಿ, ಉಳಿದ ಸಾಲುಗಳನ್ನು ಸಭೆಗೆ ಅಂಗಸ್ ಜಾನ್ ಹಾಡಿಕೊಟ್ಟ ಎಂದು ಶೋನಗ್ ಅತ್ತೆ ಹೇಳಿದರು. ದೇವರ ದಿನವೆಂದು ಭಾನುವಾರ ಫೋನ್ ಮುಟ್ಟುವವರಲ್ಲವಲ್ಲ ಅವರು. ಸುದ್ದಿಯನ್ನು ರಾತ್ರಿಯಿಡೀ ಹಿಡಿದಿಟ್ಟುಕೊಂಡು ಇವತ್ತು ಬೆಳಕು ಹರಿಯುತ್ತಲೇ ಕರೆ ಮಾಡಿದರು. ಇನ್ನು ಮುಂದೆ ಸಾಲು ಕೊಡುವವನ ಕುರ್ಚಿಯಲ್ಲಿ ಕೂರುವುದಿಲ್ಲವೆಂದು ನೀವು ಪಾದ್ರಿಗಳಿಗೆ ತಿಳಿಸಿದ್ದೀರಿ ಎನ್ನುವುದೂ ಅವರದೇ ವರದಿ.

ಗಂಟಲು ಹೇಗಿದೆ? ನೋವಿದೆಯೇ, ಅಥವಾ ದನಿ ಮಾತ್ರ ಬರುತ್ತಿಲ್ಲವೇ? ನುಂಗಲು ಕಷ್ಟವಾದರೆ ಮರೆಮಾಚದೆ ಅತ್ತೆಗೆ ಹೇಳಿ. "ಒಂದು ವಾರ ಮಾತೇ ಆಡ್ಬೇಡಿ ಅಂದಿದ್ದಾರೆ ಚರ್ಚಿಗೆ ಬಂದಿದ್ದ ಡಾಕ್ಟ್ರು. ಅವನಿಗೇನು ಕಷ್ಟ ಬಿಡು, ಮೊದ್ಲು ಎಲ್ಲಿ ಆಡ್ತಿದ್ದ!" ಎಂದು ಅತ್ತೆ ನಕ್ಕರು. ಆಮೇಲೆ ಮೂಗು ಒರೆಸಿಕೊಳ್ಳುತ್ತಿದ್ದರು ಅನ್ನಿಸುತ್ತದೆ. ನೀವು ಮಾತಾಡಬಾರದಲ್ಲ, ಅದಕ್ಕೇ ಫೋನ್ ಮಾಡದೆ ಪತ್ರ ಬರೆಯುತ್ತಿದ್ದೇನೆ. ಬಿಸಿನೀರಿಗೆ ಜೇನು ಹಾಕಿ ಕುಡಿಯಿರಿ. ಜೌಗುಮಣ್ಣಿನ ಪೀಟ್ ಹೆಂಟೆ ಉರಿಯುವ ಒಲೆಗೆ ಮುಖ ಕೊಟ್ಟು ಕೂರಬೇಡಿ, ಆ ಹೊಗೆ ನಿಮ್ಮ ಗಂಟಲಿಗೆ ಒಳ್ಳೆಯದಲ್ಲ. ಕುರಿಗಳಿಗೆ ಮೇವು ಹಾಕುವಾಗಲಾದರೂ ಕತ್ತಿಗೆ ಮಫ್ಲರ್ ಸುತ್ತಿಕೊಳ್ಳಿ. ಅಮ್ಮ ಹೆಣೆದ ಬೂದು ಬಣ್ಣದ್ದು ಮರದ ಪೆಟ್ಟಿಗೆಯಲ್ಲಿದೆ.

ನನ್ನ ಆರೋಗ್ಯ ಚೆನ್ನಾಗಿದೆ. ತಂಡ ಬಿಟ್ಟು ನನ್ನದೇ ಹಾಡು ಬರೆದು ಒಬ್ಬಳೇ ಹಾಡತೊಡಗಿದ ಮೇಲೆ ಇದು ಎರಡನೆಯ ಚಳಿಗಾಲ. ಊರೂರಿಗೆ ಪತ್ರ ಬರೆದು ಕೇಳುವವಳು, ವ್ಯಾನ್ ಓಡಿಸುವವಳು, ಗಿಟಾರಿನ ತಂತಿ ಬಿಗಿಯುವವಳು, ಕಾರ್ಯಕ್ರಮ ಮುಗಿದ ಮೇಲೆ ಮನೆಯಲ್ಲೇ ಮುದ್ರಿಸಿದ ನಾಲ್ಕು ಹಾಡಿನ ಸಿಡಿಯನ್ನು ಬಾಗಿಲಲ್ಲಿ ನಿಂತು ಮಾರುವವಳು, ಎಲ್ಲವೂ ನಾನೇ. ಓಬನ್‌ನಲ್ಲಿ ಒಂದು ಹೋಟೆಲಿನ ಹಿಂದಿನ ಕೋಣೆಯಲ್ಲಿ ಹಾಡಿದೆ. ನನ್ನ ಮೆಲ್ಲನೆಯ ಹಾಡುಗಳಿಗೆಲ್ಲ ಬಿಯರ್ ಫ್ರಿಜ್ಜಿನ ಗುಂಯ್‌ಗುಡುವಿಕೆಯೇ ಶ್ರುತಿ. ಮುಗಿದ ಮೇಲೆ ಒಬ್ಬರು ಹತ್ತಿರ ಬಂದು ಬಹಳ ಪ್ರೀತಿಯಿಂದಲೇ ಕೇಳಿದರು: "ಚೆನ್ನಾಗ್ ಹಾಡ್ತೀಯಮ್ಮ. ಕೆಲಸ ಅಂತ ಏನ್ ಮಾಡ್ಕೊಂಡಿದ್ದೀಯಾ?" ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟು, ವ್ಯಾನಿನಲ್ಲಿ ಕುಳಿತು ಆಲೂಗಡ್ಡೆ ಚಿಪ್ಸ್ ತಿಂದೆ. ಕೆಟ್ಟ ದಿನವನ್ನು ಒಬ್ಬಳೇ ನುಂಗಿಕೊಳ್ಳಬಹುದು ಅಪ್ಪಾ. ಒಳ್ಳೆಯ ದಿನವೇ ಕಷ್ಟ. ಇನ್ನೊಂದು ಸಂಜೆ ಒಂದು ಹಾಡಿಗೆ ಇಡೀ ಕೋಣೆ ಉಸಿರು ಬಿಗಿಹಿಡಿದಿತ್ತು, ಅದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ. ನಿಮಗೆ ಫೋನ್ ಮಾಡಿದೆ. ನೀವು "ಹೂಂ" ಎಂದು ಅತ್ತೆಯ ಕೈಗೆ ಕೊಟ್ಟಿರಿ.

ಈ ಚಳಿಗಾಲ ಮೊದಲ ಆಲ್ಬಮ್‌ನ ಧ್ವನಿಮುದ್ರಣ ನಡೆದಿದೆ. ಮುದ್ರಿಸುವವನು ಡೂಗಲ್, ಗ್ಲಾಸ್ಗೋದ ಹುಡುಗ, ಒಳ್ಳೆಯ ಕಿವಿ, ಬಾಯಿಗೆ ಮಾತ್ರ ಬಾಗಿಲಿಲ್ಲ. ಮೊದಲ ದಿನವೇ ಯಂತ್ರ ನಿಲ್ಲಿಸಿ ಕೇಳಿದ: "ಏನಮ್ಮಾ ತಾಯಿ, ಸಾಲು ಮರೆತುಹೋಯ್ತಾ? ಒಂದೊಂದು ಸಾಲಾದ್ಮೇಲೂ ಇಷ್ಟು ದೊಡ್ಡ ಹಳ್ಳ ಬಿಟ್ಟಿದ್ದೀಯಲ್ಲ, ಬಸ್ಸೇ ಹೋಗುತ್ತೆ." ಕೇಳಿ ನೋಡಿದರೆ ಹೌದು. ಸಾಲು ಮುಗಿಯುತ್ತದೆ, ಗಿಟಾರೂ ನಿಲ್ಲುತ್ತದೆ, ಏನೂ ಇರುವುದಿಲ್ಲ, ಆಮೇಲೆ ಮುಂದಿನ ಸಾಲು. ಎಲ್ಲ ಹಾಡಿನಲ್ಲೂ ಹಾಗೆಯೇ. ಒಂದು ದೊಡ್ಡ ಕಂಪನಿ ಹಾಡುಗಳನ್ನು ಮೆಚ್ಚಿತು, ತಾನೇ ಹೊರತರುತ್ತೇನೆಂದೂ ಹೇಳಿತು. ಆದರೆ ಆ ಹಳ್ಳಗಳನ್ನೆಲ್ಲ ಪಿಟೀಲು, ಡ್ರಮ್ ಹಾಕಿ ಮುಚ್ಚಬೇಕು ಎಂಬುದು ಅವರ ಷರತ್ತು. ನಾನೂ ಅದು ನನ್ನ ತಪ್ಪೆಂದೇ ತಿಳಿದು ತಿದ್ದಲು ಕೂತೆ. ಆ ಜಾಗಗಳಲ್ಲಿ ಗಿಟಾರ್ ನುಡಿಸಿದರೆ ಮುಂದಿನ ಸಾಲು ಬಾಯಿಗೇ ಬರುತ್ತಿರಲಿಲ್ಲ.

ಕಾರಣ ತಿಳಿದದ್ದು ಇನ್ವರ್ನೆಸ್‌ನಲ್ಲಿ, ಜನವರಿಯಲ್ಲಿ. ಗ್ರಂಥಾಲಯದ ಮೇಲಿನ ಕೋಣೆ, ಜನ ಕಡಿಮೆ. ಹಿಂದಿನ ಸಾಲಿನಲ್ಲಿ ಟೋಪಿ ತೆಗೆಯದೆ ಒಬ್ಬ ಅಜ್ಜಿ ಕುಳಿತಿದ್ದರು. ಎರಡನೆಯ ಹಾಡಿನ ಮೊದಲ ಸಾಲು ಹಾಡಿ ನಿಲ್ಲಿಸಿದೆ. ಅಜ್ಜಿ ಕಣ್ಣುಮುಚ್ಚಿ, ಗಲ್ಲ ಎತ್ತಿ, ಆ ಸಾಲನ್ನೇ ಎಳೆದೆಳೆದು, ಏರಿಳಿಸಿ, ದೊಡ್ಡ ದನಿಯಲ್ಲಿ ಹಾಡಿಯೇಬಿಟ್ಟರು. ನಮ್ಮ ಚರ್ಚಿನಲ್ಲಿ ಹಾಡುವಂತೆಯೇ. ಎಲ್ಲರೂ ತಿರುಗಿ ನೋಡಿದರು. ಯಾರೋ ನಕ್ಕರು. ಅಜ್ಜಿ ಕಣ್ಣು ಬಿಟ್ಟು ಮುಖ ಕೆಂಪಗೆ ಮಾಡಿಕೊಂಡರು. ಕೊನೆಯಲ್ಲಿ ಬಂದು ನನ್ನ ಕೈ ಹಿಡಿದು, "ತಪ್ಪು ತಿಳೀಬೇಡ ಮಗಳೇ. ನೀನು ಸಾಲು ಕೊಟ್ಟೆ, ಬಾಯಿ ತಾನಾಗೇ ಎದ್ದುಬಿಡ್ತು. ನಾನು ಸ್ಕಾಲ್ಪೇ ದ್ವೀಪದವಳು. ನೀನು ಯಾರ ಮಗಳು?" ಎಂದರು. ನಿಮ್ಮ ಹೆಸರು ಹೇಳಿದೆ. "ಓ, ಹಂಗಾದ್ರೆ ನಂದೇನೂ ತಪ್ಪಿಲ್ಲ ಬಿಡು," ಎಂದು ಟೋಪಿ ಸರಿಮಾಡಿಕೊಂಡು ಬಸ್ಸಿಗೆ ಹೋದರು.

ಅವತ್ತು ವ್ಯಾನಿನಲ್ಲಿ ಕುಳಿತು ಯೋಚಿಸಿದೆ. ಚಿಕ್ಕಂದಿನಲ್ಲಿ ಅಮ್ಮನ ಪಕ್ಕ ಕುಳಿತು ನಿಮ್ಮನ್ನು ನೋಡುತ್ತಿದ್ದೆ. ನೀವು ಒಬ್ಬರೇ ಎದ್ದು ಒಂದು ಸಾಲನ್ನು ಹಾಡಿ ಬಿಡುತ್ತಿದ್ದಿರಿ. ಒಂದು ಕ್ಷಣ ಏನೂ ಇರುತ್ತಿರಲಿಲ್ಲ. ನನಗೆ ಪ್ರತಿ ಸಲವೂ ಹೆದರಿಕೆ, ಇವತ್ತು ಯಾರೂ ಹಾಡದಿದ್ದರೆ ಅಪ್ಪನ ಗತಿಯೇನು ಎಂದು. ಅಷ್ಟರಲ್ಲಿ ಇಡೀ ಚರ್ಚು ಆ ಸಾಲನ್ನು ಎತ್ತಿಕೊಳ್ಳುತ್ತಿತ್ತು. ಒಬ್ಬೊಬ್ಬರದೂ ಒಂದೊಂದು ರೀತಿ, ಒಬ್ಬರು ಮುಂದೆ, ಒಬ್ಬರು ಹಿಂದೆ, ಆದರೂ ಒಂದೇ ಅಲೆ. ನನ್ನ ಹಾಡುಗಳಲ್ಲಿರುವುದು ಆ ಜಾಗ. ಅಲ್ಲಿ ಜನರಿಲ್ಲ, ಅಷ್ಟೇ ವ್ಯತ್ಯಾಸ. ತಂಡ ಬಿಟ್ಟ ಮೇಲೆ ಇಲ್ಲಿಗೆ ಹೊರಡುವಾಗ ನಮ್ಮ ದ್ವೀಪದ ಹಡಗುಕಟ್ಟೆಯಲ್ಲಿ ನನ್ನ ಚೀಲ ಇಳಿಸುತ್ತಾ ನೀವು, "ಒಬ್ಬಳೇ ಹಾಡ್ತೀಯಾ? ಉತ್ತರ ಯಾರು ಕೊಡ್ತಾರೆ?" ಎಂದಿರಿ. ಅದನ್ನು ನಾನು ಬೈಗುಳವೆಂದೇ ಇಷ್ಟು ದಿನ ಇಟ್ಟುಕೊಂಡಿದ್ದೆ. ನೀವು ಕೇಳಿದ್ದು ಬರೀ ಪ್ರಶ್ನೆಯೇ ಇರಬೇಕು. ಸಾಲು ಕೊಟ್ಟು ನಿಲ್ಲುವುದು ಹೇಗಿರುತ್ತದೆಂದು ಗೊತ್ತಿದ್ದವರು ನಮ್ಮ ಮನೆಯಲ್ಲಿ ನೀವೊಬ್ಬರೇ.

ಕಂಪನಿಗೆ ಆಗುವುದಿಲ್ಲವೆಂದು ಬರೆದು ಹಾಕಿದ್ದೇನೆ. ಆಲ್ಬಮ್ ನಾನೇ ತರುತ್ತೇನೆ. ಕೊನೆಯ ಹಾಡು ಮಾತ್ರ ಬಾಕಿಯಿದೆ. ಅದು ಪೀಟ್ ಕಡಿಯುವ ದಿನದ ಬಗ್ಗೆ, ಅಮ್ಮ ಬುತ್ತಿ ಹೊತ್ತು ಗುಡ್ಡ ಹತ್ತಿ ಬರುತ್ತಿದ್ದುದರ ಬಗ್ಗೆ. ಕೀರ್ತನೆಯ ಒಂದು ಪದವನ್ನೂ ಮುಟ್ಟಿಲ್ಲ, ಧಾಟಿಯೂ ನನ್ನದೇ. ದೇವರ ಹಾಡನ್ನು ವೇದಿಕೆಗೆ ಎಳೆದಳೆಂಬ ಚಿಂತೆ ನಿಮಗೆ ಬೇಡ.

ಅತ್ತೆ ಕಳಿಸಿದ ಉಪ್ಪು ಹೆರಿಂಗ್ ಮೀನು ತಲುಪಿತು. ಆಲೂಗಡ್ಡೆ ಬೇಯಿಸಿಕೊಂಡು ಮೂರು ದಿನ ಅದನ್ನೇ ಉಂಡೆ. ವಾಸನೆಗೆ ಕೆಳಮನೆಯವರು ಮೇಲೆ ಬಂದು ವಿಚಾರಿಸಿಕೊಂಡು ಹೋದರು. ಅತ್ತೆಗೆ ಹೇಳಿ. ಅಂಗಸ್ ಜಾನನ ಮೇಲೆ ಬೇಸರ ಬೇಡ. ನೀವು ಕುಳಿತ ಮೇಲೆ ಅಲ್ಲಿ ಉಳಿದ ಮೌನವನ್ನು ಯಾರಾದರೂ ತುಂಬಲೇಬೇಕಿತ್ತು. ದೇವರು ನಿಮ್ಮ ಗಂಟಲನ್ನೂ ನಿಮ್ಮನ್ನೂ ಕಾಯಲಿ. ನಾಯಿಯ ತಲೆ ಸವರಿ.

ನಿಮ್ಮ ಮಗಳು
ಕೆನೀನಾ

ಮರೆತೆ. ಊರಿನ ಸಭಾಭವನದಲ್ಲಿ ನನ್ನ ಕಾರ್ಯಕ್ರಮವಿರುವುದು ನಿಮಗೆ ಗೊತ್ತಿದೆ, ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದ್ದು ಅತ್ತೆಯೇ. ಕೊನೆಯ ಹಾಡನ್ನು ಅಲ್ಲೇ ಮುದ್ರಿಸುತ್ತೇವೆ, ಜಾಗಗಳನ್ನು ಹಾಗೆಯೇ ಬಿಟ್ಟು. ನೀವು ಬನ್ನಿ. ಮುಂದೆ ನಿಲ್ಲಿ ಎನ್ನುತ್ತಿಲ್ಲ. ನಡುವಿನ ಸಾಲಿನಲ್ಲಿ, ಎಲ್ಲರ ಜೊತೆ ಕುಳಿತಿರಿ. ಸಾಲು ನಾನು ಕೊಡುತ್ತೇನೆ. ಉತ್ತರಕ್ಕೆ ಒಳ್ಳೆಯ ದನಿ ಬೇಕಿಲ್ಲ, ಒಡಕಾದರೂ ನಡೆಯುತ್ತದೆ. ನೀವು ಬಾಯಿ ತೆರೆಯದೆ ನಮ್ಮೂರಿನವರು ಯಾರೂ ತೆರೆಯುವುದಿಲ್ಲ, ಅದು ನಿಮಗೂ ಗೊತ್ತು. ಯಾರೂ ಹಾಡದಿದ್ದರೆ ಜಾಗ ಖಾಲಿಯಾಗಿಯೇ ಇರುತ್ತದೆ, ಹಾಗೆಯೇ ಆಲ್ಬಮ್‌ಗೆ ಹಾಕುತ್ತೇನೆ. ನಾನೂ ಡೂಗಲ್ಲೂ 14ರ ಗುರುವಾರ ಸಂಜೆಯ ಹಡಗಿಗೆ ಹೊರಡುತ್ತೇವೆ. ಶುಕ್ರವಾರ ಸಂಜೆ ಏಳು ಗಂಟೆಗೆ ಕಾರ್ಯಕ್ರಮ.