ಮೋತಿಯ ಮೂರು ತಿಂಗಳು

ಉರ್ವ, ಮಂಗಳೂರು
೧೦ ಏಪ್ರಿಲ್ ೧೯೫೮, ಗುರುವಾರ

ಪ್ರೀತಿಯ ಪಪ್ಪಾ,

ಮೋತಿಯ ವಿಷಯವನ್ನು ಈ ಪತ್ರದಲ್ಲಿ ಬರೆಯದೆ ಬಿಡುವುದೆಂದು ನಿನ್ನೆಯವರೆಗೂ ನಿಶ್ಚಯಿಸಿದ್ದೆ. ಬೊಂಬಾಯಿಯ ಆಸ್ಪತ್ರೆಯಲ್ಲಿ ನಿಮ್ಮ ಕಣ್ಣಿನ ಪಟ್ಟಿ ಬಿಚ್ಚುವವರೆಗೆ ಬೇಸರದ ಸುದ್ದಿ ಬೇಡವೆಂದು ರಾಫೆಲ್ ಬರೆದಿದ್ದ. ಅದು ನನಗೆ ಅನುಕೂಲವೇ ಆಯಿತು. ನಿಮಗೆ ನೋವಾಗಬಾರದೆಂದು ಸುಮ್ಮನಿದ್ದೇನೆಯೋ, ನನಗೆ ನಾಚಿಕೆಯೆಂದು ಸುಮ್ಮನಿದ್ದೇನೆಯೋ ಎಂದು ಕೇಳಿಕೊಂಡಾಗ ಬಂದ ಉತ್ತರ ಚೆನ್ನಾಗಿರಲಿಲ್ಲ. ರಾಫೆಲ್, ಪಪ್ಪನಿಗೆ ಓದಿ ಹೇಳುವಾಗ ನಿನ್ನ ತಂಗಿಯ ಮೇಲಿನ ಪ್ರೀತಿಯಿಂದ ಒಂದು ಸಾಲನ್ನೂ ಹಾರಿಸಬೇಡ.

ನೀವು ಹೇಗಿದ್ದೀರಿ? ತಲೆ ಅಲ್ಲಾಡದಂತೆ ಎರಡು ಬದಿಗೂ ಮರಳಿನ ಚೀಲ ಇಟ್ಟಿದ್ದಾರೆಂದು ತಿಳಿದು ನರ್ಸುಗಳ ಬಗ್ಗೆ ಮರುಕವಾಯಿತು. ಬೊಂಬಾಯಿಯ ಬ್ರೆಡ್ಡಿಗೆ ಉಪ್ಪಿಲ್ಲವೆಂದು ಅವರೊಡನೆ ಜಗಳವಾಡಬೇಡಿ. ನಮ್ಮ ಬೇಕರಿಯ ಒಲೆ ಒಂದು ದಿನವೂ ಆರಿಲ್ಲ. ಗಾಡಿ ಎಳೆಯಲು ಮೋತಿ ಇಲ್ಲದ್ದರಿಂದ ಕಜೆಟನ್ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಮನೆಮನೆಗೂ ಹಂಚುತ್ತಾನೆ. ಬ್ರೆಡ್ ತಡವಾಯಿತೆಂದು ಬೈದವರಿಗೆ, “ಕುದುರೆಗೆ ನಾಲ್ಕು ಕಾಲು, ನನಗೆ ಎರಡೇ ಉಂಟಲ್ಲ ಮಾರಾಯ್ರೆ” ಎನ್ನುತ್ತಾನಂತೆ.

ತಪಸ್ಸುಕಾಲ ಆರಂಭವಾಗುವ ಬೂದಿ ಬುಧವಾರಕ್ಕೆ ಎರಡು ದಿನ ಮೊದಲು ಮೋತಿಯ ಮುಂಗಾಲು ಚರಂಡಿಯ ಸಂದಿಗೆ ಸಿಕ್ಕಿದ್ದನ್ನು ನೀವೇ ಕಂಡಿದ್ದೀರಿ. ಡಾಕ್ಟರರು ಅದನ್ನು ಟೆಂಡನ್ ಎಂದರು, ಜಟಕಾದ ಬಶೀರ್ ನರ ಎಂದ; ಮೂರು ತಿಂಗಳು ಗಾಡಿ ಎಳೆಯಬಾರದು ಎನ್ನುವುದರಲ್ಲಿ ಮಾತ್ರ ಇಬ್ಬರೂ ಒಂದೇ. ಸ್ಟೀಮರ್ ಹತ್ತುವಾಗ ನೀವೂ ಅದನ್ನೇ ಹೇಳಿದಿರಿ: “ಹೊರಗೆ ಊತ ಇಳಿದರೂ ಒಳಗೆ ಹಸಿ ಇರ್ತದೆ, ನೋಡಿ ಮೋಸ ಹೋಗ್ಬೇಡ.” ನಾನು ತಲೆಯಾಡಿಸಿದೆ. ಶಾಲೆ ಬಿಟ್ಟ ಮೇಲೆ ದಿನವೂ ಬಶೀರನ ಜೊತೆ ಅದನ್ನು ಮೆಲ್ಲಗೆ ಸುಲ್ತಾನ್ ಬತ್ತೇರಿಯ ದೋಣಿ ಕಡವಿಗೆ ನಡೆಸಿಕೊಂಡು ಹೋಗಿ, ಅರ್ಧ ಗಂಟೆ ಮೊಣಕಾಲುದ್ದ ಹೊಳೆಯ ನೀರಿನಲ್ಲಿ ನಿಲ್ಲಿಸಿದೆ. ಒರಸಿ, ಗೊರಸಿನ ಮೇಲಿಂದ ಮೊಣಕಾಲಿನವರೆಗೆ ಬಟ್ಟೆ ಸುತ್ತಿದೆ. ಆಚೆ ದಡಕ್ಕೆ ದೋಣಿ ಕಾಯುವ ಬೆಂಗ್ರೆಯವರು, “ಎಂತ ಟೀಚರ್, ಕುದುರೆಯೂ ಬೆಂಗ್ರೆಗೆ ಬರ್ತದಾ?” ಎಂದು ನಗುತ್ತಿದ್ದರು. ಆ ಅರ್ಧ ಗಂಟೆ ನನಗೆ ಜಪದ ಹಾಗಿತ್ತು.

ತಪ್ಪು ಆರಂಭವಾದದ್ದು ಅಲ್ಲಿಯೇ ಇರಬೇಕು. ತಪಸ್ಸುಕಾಲದ ನಲವತ್ತು ದಿನ ನಾನು ಮೀನು, ಮಾಂಸ, ಸಕ್ಕರೆ ಬಿಟ್ಟಿದ್ದೆ. ಹೊಳೆಗೆ ಹೋಗುವುದನ್ನೂ ಅದರ ಜೊತೆಗೇ ಎಣಿಸುತ್ತಾ ಬಂದೆ. ಪವಿತ್ರ ವಾರದ ಹೊತ್ತಿಗೆ ಊತ ಇಳಿದಿತ್ತು, ಕೈಯಿಟ್ಟರೆ ಬಿಸಿಯಿರಲಿಲ್ಲ. ನನ್ನ ಉಪವಾಸ ಮುಗಿಯುವ ದಿನವೇ ಅದರ ಕಾಲೂ ವಾಸಿಯಾಗಬೇಕೆಂದು ದೇವರ ಜೊತೆ ಒಪ್ಪಂದ ಮಾಡಿಕೊಂಡವಳ ಹಾಗೆ ನಂಬಿಬಿಟ್ಟೆ. ಡಾಕ್ಟರರ ತೊಂಬತ್ತು ದಿನ ನನ್ನ ಲೆಕ್ಕದಲ್ಲಿ ಯಾವಾಗ ನಲವತ್ತಾಯಿತೋ ನನಗೇ ತಿಳಿಯದು.

ಪಾಸ್ಖದ, ಈಸ್ಟರ್ ಹಬ್ಬದ, ಬೆಳಿಗ್ಗೆ ಒಲೆಯಿಂದ ತೆಗೆದ ಮೊದಲ ಬ್ರೆಡ್ಡು ದೇರೆಬೈಲಿನ ಅನಾಥಾಲಯಕ್ಕೆ ಹೋಗಬೇಕಷ್ಟೆ. ಅಮ್ಮ ತೀರಿಕೊಂಡ ವರ್ಷದಿಂದ ನೀವು ಅದನ್ನು ತಪ್ಪಿಸಿಲ್ಲ. ಕಜೆಟನ್ ತಲೆಹೊರೆಯಲ್ಲೇ ಒಯ್ಯುತ್ತೇನೆಂದಿದ್ದ. ಬೇಡವೆಂದವಳು ನಾನು. ನಿಮ್ಮ ಗಾಡಿಯೇ ಹೋಗಬೇಕು, ಆ ಸುದ್ದಿಯನ್ನು ನಿಮಗೆ ಬರೆಯಬೇಕು ಎಂಬ ಆಸೆಯಿಂದ ಮೋತಿಯನ್ನು ನಾನೇ ಕಟ್ಟಿ, ನಾನೇ ಹೊಡೆದುಕೊಂಡು ಹೋದೆ. ಮನೆಗೆ ಮರಳುವಾಗ ಅದು ಮೂರು ಕಾಲಿನಲ್ಲಿತ್ತು. ಬಶೀರ್ ಬಟ್ಟೆ ಬಿಚ್ಚಿ ನೋಡಿ, “ಟೀಚರ್, ಹಬ್ಬ ನಿಮ್ಮದು, ಕಾಲು ಅದರದ್ದಲ್ವಾ?” ಎಂದ. ಆದರೂ ದಿನವೂ ಬಂದು ತಣ್ಣೀರು ಹೊಯ್ಯುತ್ತಾನೆ. ಈಗ ಕಡವಿನವರೆಗೆ ನಡೆಸುವಂತಿಲ್ಲ.

ಡಾಕ್ಟರರು ಸೋಮವಾರ ಮತ್ತೆ ಬರುತ್ತಾರೆ. ನರ ಪೂರ್ತಿ ಹರಿದಿದ್ದರೆ ಮೋತಿಯನ್ನು ಉಳಿಸಿಕೊಳ್ಳುವುದು ಕ್ರೂರವೆಂದು ಈಗಲೇ ಹೇಳಿಟ್ಟಿದ್ದಾರೆ. ಉಳಿದರೆ, ಗಾಡಿ ಎಳೆಯದಿದ್ದರೂ ನಾನು ಸಾಕುತ್ತೇನೆ.

ಒಲಿಂಡಾ ಅತ್ತಿಗೆಗೆ ನನ್ನ ನೆನಪು ತಿಳಿಸಿ. ಈ ಸಲ ನಿಮ್ಮ ಬೆಸಾಂವ್, ಆಶೀರ್ವಾದ, ಕೇಳಲು ಸಂಕೋಚ, ಆದರೂ ಕೇಳುತ್ತೇನೆ.

ನಿಮ್ಮ ಮಗಳು,
ಮಗ್ದಲೀನ್

ತಾ.ಕ.: ಇನ್ನೊಂದು ಉಂಟು ಪಪ್ಪಾ. ಅಂದು ದೇರೆಬೈಲಿನ ಏರು ಹತ್ತುವಾಗ ಮೋತಿ ಗ್ಲ್ಯಾಡಿಸ್ ಬಾಯಿಯ ಮನೆಯ ಗೇಟಿನೆದುರು ನಿಂತಿತು. ಹನ್ನೊಂದು ವರ್ಷ ಬ್ರೆಡ್ ಇಳಿಸಿದ ಗೇಟು, ಅಭ್ಯಾಸದಿಂದ ನಿಂತಿತೆಂದುಕೊಂಡೆ. “ಇವತ್ತು ಇಲ್ಲಿಗೆ ಇಲ್ಲ, ನಡಿ” ಎಂದು ನಗುತ್ತಾ ಲಗಾಮು ಜಗ್ಗಿದೆ. ನಡೆಯಲಿಲ್ಲ. ಚಾಟಿ ಎತ್ತಿದೆ. ನಡೆಯಿತು, ಅನಾಥಾಲಯದವರೆಗೂ ನಡೆಯಿತು. ಇದನ್ನು ಬಶೀರನಿಗೂ ಹೇಳಿಲ್ಲ. ಕಾಲು ಉಳಿಯುತ್ತದೆಂದು ಡಾಕ್ಟರರು ಹೇಳಿದರೆ ಈ ಹಾಳೆಯನ್ನು ಹರಿದುಹಾಕುವ ಮನಸ್ಸಾದೀತು. ಅದಕ್ಕೇ ಅವರು ಬರುವುದಕ್ಕೆ ಮೊದಲು ಅಂಚೆಗೆ ಹಾಕುತ್ತೇನೆ: ಶನಿವಾರ, ೧೨ ಏಪ್ರಿಲ್.