ಪಟ್ಟಿಯಲ್ಲಿ ಇಪ್ಪತ್ತಮೂರನೆಯವಳು

ಭಾನುವಾರ, ಮಾರ್ಚ್ 14

ನನ್ನ ಅರಗಿಣಿಗೆ,

ಅಮ್ಮನ ಆಶೀರ್ವಾದಗಳು. "ನಾನಿಲ್ಲಿ ಕ್ಷೇಮ" ಎಂದು ಶುರು ಮಾಡಬೇಕಿತ್ತು. ಆದರೆ ಹೋದ ವರ್ಷವೆಲ್ಲ ಆ ಪದವನ್ನು ಹುಡುಗಿಯರ ಹೆಸರುಗಳ ಮುಂದೆ ಬರೆದೂ ಬರೆದೂ ನನಗೆ ಅದರ ಮೇಲಿನ ನಂಬಿಕೆಯೇ ಹೋಗಿದೆ.

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ನೀನು ಚಿಕ್ಕಮ್ಮನ ಮನೆಗೆ ಹೋಗಿ ಮೂರು ತಿಂಗಳಾಯಿತು. ಫೋನಿಗೆ ನೀನು ಬರುವುದಿಲ್ಲ. "ಅಕ್ಕಾ, ಬಲವಂತ ಮಾಡ್ಬೇಡ. ತಾನಾಗೇ ಮಾತಾಡ್ಲಿ ಬಿಡು" ಅನ್ನುತ್ತಾಳೆ ಚಿಕ್ಕಮ್ಮ. ಐದು ಸಲ ಪತ್ರ ಬರೆದು ಐದೂ ಸಲ ಹರಿದು ಹಾಕಿದೆ. ಓದಿ ನೋಡಿದರೆ ಪ್ರತಿಯೊಂದೂ ನೋಟೀಸ್ ಬೋರ್ಡಿಗೆ ಅಂಟಿಸುವ ಸುತ್ತೋಲೆಯ ಹಾಗಿತ್ತು.

ನೀನು ಈಗ ಎರಡು ಹೊತ್ತೂ ಊಟ ಮಾಡುತ್ತೀಯಂತೆ. ಚಿಕ್ಕಮ್ಮನ ಹೊಲಿಗೆ ಅಂಗಡಿಯಲ್ಲಿ ಕೂತು ಗುಂಡಿ ಹೊಲಿಯುತ್ತೀಯಂತೆ. ನೀನು! ಯೂನಿಫಾರ್ಮಿನ ಗುಂಡಿ ಕಿತ್ತುಹೋದರೆ ಪಿನ್ನು ಚುಚ್ಚಿಕೊಂಡು ಬಸ್ಸಿಗೆ ಓಡುತ್ತಿದ್ದವಳು. ಕೇಳಿ ನಗು ಬಂತು. ಆಮೇಲೆ, ನಿನಗೆ ಹೊಲಿಗೆ ಕಲಿಸುವಷ್ಟು ಹೊತ್ತು ನಾನು ನಿನ್ನ ಪಕ್ಕ ಕೂತದ್ದು ಯಾವಾಗ ಎಂದು ಯೋಚಿಸಿ ನಗು ನಿಂತುಹೋಯಿತು.

ಸೋಂಕಿನ ಭಯಕ್ಕೆ ಮುಚ್ಚಿದ್ದ ಶಾಲೆಯನ್ನು ಕಳೆದ ಸೋಮವಾರ ತೆರೆದರು. ಗೇಟಿನ ಬೀಗ ತುಕ್ಕು ಹಿಡಿದಿತ್ತು, ಕಾವಲುಗಾರ ಎಣ್ಣೆ ಬಿಟ್ಟು ಅರ್ಧ ಗಂಟೆ ಗುದ್ದಾಡಿದ. ನಮ್ಮ ಒಂಬತ್ತನೆಯ ತರಗತಿಯ ಕೋಣೆಯಲ್ಲಿ ಬೋರ್ಡಿನ ಮೇಲೆ ಹೋದ ವರ್ಷದ ಮಾರ್ಚ್ ತಿಂಗಳ ತಾರೀಕು ಹಾಗೇ ಇತ್ತು. ಹುಡುಗಿಯರು ಒಬ್ಬೊಬ್ಬರೂ ಗೇಣುದ್ದ ಬೆಳೆದಿದ್ದಾರೆ. ಮೊದಲ ದಿನ ಯಾರೂ ಗಲಾಟೆ ಮಾಡಲಿಲ್ಲ. ಗಲಾಟೆ ಮಾಡಬೇಡಿ ಎಂದು ಹದಿನೆಂಟು ವರ್ಷ ಗಂಟಲು ಹರಿದುಕೊಂಡವಳು ನಾನು, ಯಾರಾದರೂ ಒಬ್ಬಳು ಕಿರುಚಬಾರದೇ ಅನ್ನಿಸಿತು. ನಿನ್ನ ಪಕ್ಕದ ಕನ್ನಡಕದವಳು ನಿನ್ನ ಜಾಗದಲ್ಲಿ ತನ್ನ ಚೀಲ ಇಟ್ಟು ಯಾರನ್ನೂ ಕೂರಲು ಬಿಡುತ್ತಿಲ್ಲ. "ಅವಳು ಯಾವಾಗ ಬರ್ತಾಳೆ ಮಿಸ್?" ಎಂದು ಕೇಳಿದಳು. ನಾನು ಡಸ್ಟರ್ ಹುಡುಕುವವಳಂತೆ ತಿರುಗಿಕೊಂಡೆ. ಹಾಜರಿ ಕರೆಯುವಾಗ ಇಪ್ಪತ್ತೆರಡರವರೆಗೆ ಸಲೀಸಾಗಿ ಬರುತ್ತೇನೆ. ಇಪ್ಪತ್ತಮೂರು ಎನ್ನುವಾಗ ನಾಲಿಗೆ ತಡವರಿಸುತ್ತದೆ.

ನಮ್ಮ ಒಪ್ಪಂದ ನೆನಪಿದೆಯಾ? ಗೇಟು ದಾಟಿದ ಮೇಲೆ ನಾನು ಮಿಸ್, ಹೊರಗೆ ಬಂದ ಮೇಲೆ ಅಮ್ಮ. ತರಗತಿಯಲ್ಲಿ ಮಗಳೆಂದು ಮುದ್ದು ಮಾಡಿದಳು ಎಂದು ಯಾರೂ ಆಡಿಕೊಳ್ಳಬಾರದು ಎಂದು ನಾನೇ ಮಾಡಿದ ನಿಯಮ. ನೀನು ಎಷ್ಟು ಚೆನ್ನಾಗಿ ಪಾಲಿಸಿದೆ! ಒಂದು ದಿನ ಶಾಲೆಯಲ್ಲಿ ಮೊಣಕಾಲು ತರಚಿಹೋಗಿ ರಕ್ತ ಸೋರುವಾಗಲೂ "ಮಿಸ್, ಹತ್ತಿ ಇದೆಯಾ?" ಎಂದೇ ಕೇಳಿದೆ. ಗೇಟಿನಾಚೆ ಬಂದ ಮೇಲೆ ಅಮ್ಮಾ ಎಂದು ಬೊಬ್ಬೆ ಹೊಡೆದು ಅತ್ತೆ.

ಶಾಲೆ ಮುಚ್ಚಿ ಪಾಠವೆಲ್ಲ ಫೋನಿನೊಳಗೆ ಬಂದಾಗ ಆ ಗೇಟೇ ಇಲ್ಲದಂತಾಯಿತು. ನಾನು ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದೆ, ನೀನು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೇಳುತ್ತಿದ್ದೆ. ನಿಮ್ಮಪ್ಪ ತೀರಿಕೊಂಡ ಮೇಲೆ ಇಬ್ಬರೇ ಇದ್ದ ಮನೆ. ಬೆಳಗಿನಿಂದ ಸಂಜೆಯವರೆಗೆ ನಾನು ಮಿಸ್ ಆಗಿಯೇ ಇದ್ದೆ. ಅಮ್ಮ ಯಾವ ಹೊತ್ತಿಗೆ ಬರುತ್ತಾಳೆ ಎಂದು ನಿನಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

ಹುಡುಗಿಯರು ಮನೆಯಲ್ಲಿ ಕುಗ್ಗಿಹೋಗಬಾರದು ಎಂದು ಹೆಡ್‌ಮಿಸ್ ಮಾಡಿದ ಏರ್ಪಾಡು ನಿನಗೆ ಗೊತ್ತೇ ಇದೆ. ಪ್ರತಿ ಶುಕ್ರವಾರ ಎಲ್ಲರಿಗೂ ನಾಲ್ಕು ಪ್ರಶ್ನೆ ಹೋಗುತ್ತಿತ್ತು. ನಿದ್ದೆ ಬರುತ್ತಿದೆಯಾ, ಊಟ ಸೇರುತ್ತಿದೆಯಾ, ಮನೆಯಲ್ಲಿ ಮಾತಾಡೋಕೆ ಯಾರಿದ್ದಾರೆ, ಟೀಚರ್ ಫೋನ್ ಮಾಡಬೇಕಾ. ಉತ್ತರಗಳು ನನಗೆ ಬರುತ್ತಿದ್ದವು. ದಿನಕ್ಕೆ ಎಂಟು ಹುಡುಗಿಯರಂತೆ ಸೋಮವಾರದಿಂದ ಶುಕ್ರವಾರದವರೆಗೆ ನಲವತ್ತೂ ಮಂದಿಯನ್ನು ಫೋನಿನಲ್ಲಿ ವಿಚಾರಿಸುವುದು ನನ್ನ ಕೆಲಸ. ಎತ್ತದವರಿಗೆ ಎತ್ತುವ ತನಕ ಮಾಡಿದೆ. ಕನ್ನಡಕದವಳ ಅಜ್ಜಿ ಆಸ್ಪತ್ರೆ ಸೇರಿದಾಗ ಅವಳ ಜೊತೆ ಮುಕ್ಕಾಲು ಗಂಟೆ ಮಾತಾಡಿದೆ. ಅವಳು ಅತ್ತಳು, ನಾನೂ ಅತ್ತೆ. ಅಡುಗೆಮನೆಯ ಬಾಗಿಲು ಹಾಕಿತ್ತು, ಆದರೆ ಬಾಗಿಲಿನಾಚೆಗೆ ನನ್ನ ದನಿ ಕೇಳುತ್ತಿತ್ತು ಎಂಬುದು ಈಗ ಹೊಳೆಯುತ್ತಿದೆ.

ಹೋದ ಗುರುವಾರ ಸಭೆ ಸೇರಿಸಿ ನನಗೆ ಪ್ರಶಂಸಾಪತ್ರ ಕೊಟ್ಟರು. "ಇವರ ಕ್ಲಾಸಿನ ಒಂದು ಹುಡುಗೀನೂ ಕೈ ತಪ್ಪಿಹೋಗ್ಲಿಲ್ಲ" ಎಂದರು ಹೆಡ್‌ಮಿಸ್. ಎಲ್ಲರೂ ಚಪ್ಪಾಳೆ ತಟ್ಟಿದರು. ನೀನು ಊರು ಬದಲಿಸಿದ್ದು ಅವರಿಗೆ ಮನೆಯ ವಿಷಯ, ಶಾಲೆಯದಲ್ಲ. ನಾಚಿಕೆಗೆಟ್ಟವಳಂತೆ ಆ ಪತ್ರ ತೆಗೆದುಕೊಂಡು ಬಂದೆ.

ನವೆಂಬರಿನ ಆ ಬೆಳಿಗ್ಗೆಯ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿಲ್ಲ. ನಾನು ಹೇಳಿಬಿಡುತ್ತೇನೆ. ಬಚ್ಚಲಿನಲ್ಲಿ ಏನೋ ಬಿದ್ದ ಸದ್ದು ನನಗೆ ಕೇಳಿಸಿತು. ಬಕೆಟ್ ಇರಬೇಕು ಅಂದುಕೊಂಡೆ. "ಏನದು ಸದ್ದು?" ಎಂದು ಕೂಗಿದೆ, ನೀನು ಓಗೊಡಲಿಲ್ಲ. ಲೆಕ್ಕ ಅರ್ಧಕ್ಕೆ ನಿಂತಿತ್ತು. ಮುಗಿಸಿ ಬಂದೆ. ಹನ್ನೆರಡು ನಿಮಿಷ ನೀನು ಒದ್ದೆ ನೆಲದ ಮೇಲೆ ಬಿದ್ದಿದ್ದೆ.

"ಈ ಹುಡುಗಿ ಎಷ್ಟು ತಿಂಗಳಿಂದ ಸರಿಯಾಗಿ ಊಟ ಮಾಡಿಲ್ಲಮ್ಮಾ?" ಎಂದರು ಡಾಕ್ಟರು. "ನಾನೇ ಬಡಿಸ್ತೀನಿ, ತಟ್ಟೆ ಖಾಲಿಯಾಗೇ ಬರುತ್ತೆ" ಎಂದು ಅವರ ಮೇಲೆಯೇ ರೇಗಿದೆ. ನಿನ್ನ ಕಿಟಕಿಯ ಕೆಳಗಿನ ಬೀದಿನಾಯಿಗಳು ಆ ವರ್ಷ ಯಾಕೆ ಅಷ್ಟು ದುಂಡಗಾದವು ಎಂದು ಮನೆಗೆ ಬಂದ ಮೇಲೆ ತಿಳಿಯಿತು. ನಿನ್ನನ್ನು ಕರೆದುಕೊಂಡು ಹೋಗಲು ಬಂದ ಚಿಕ್ಕಮ್ಮ ನನ್ನ ಮುಖ ನೋಡದೆ, "ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಸುಮ್ನೆ ಹೇಳ್ತಾರಾ?" ಎಂದಳು. ಆಗ ಸಿಟ್ಟು ಬಂದಿತ್ತು. ಈಗ ಇಲ್ಲ, ಅವಳಿಗೆ ಹೇಳು.

ನೀನು ವಾಪಸ್ ಬರಬೇಕು ಎಂಬುದೇ ನನ್ನ ಆಸೆ. ಮುಚ್ಚಿಡುವುದು ಯಾಕೆ? ಜೂನ್ ಒಳಗೆ ಅಲ್ಲಿನ ಶಾಲೆಗೆ ಸೇರಿಸಬೇಕೋ ಇಲ್ಲವೋ ಎಂದು ಚಿಕ್ಕಮ್ಮ ಕೇಳುತ್ತಿದ್ದಾಳೆ. ಸೇರುವುದಾದರೆ ಸಹಿ ಹಾಕಿ ಕಳಿಸುತ್ತೇನೆ. ಬರುವುದಾದರೆ ಆ ಗೇಟಿನ ನಿಯಮ ರದ್ದು, ತರಗತಿಯ ನಡುವೆ ನಿಂತು ಅಮ್ಮಾ ಎಂದು ಅರಚು. ನೀನು ಹೇಳಿದಂತೆ ಆಗಲಿ.

ಹೊಟ್ಟೆ ತುಂಬ ಊಟ ಮಾಡು. ನಿನ್ನ ಬಾಯಿಗೆ ಮೊದಲಿನ ಮಾತು ಮರಳಲಿ, ನನ್ನನ್ನು ಬೈಯುವುದಕ್ಕಾದರೂ ಸರಿ.

ನಿನ್ನ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ.

ಆ ಶುಕ್ರವಾರದ ಉತ್ತರಗಳನ್ನೆಲ್ಲ ಅಚ್ಚು ಹಾಕಿಸಿ ಕಡತ ಮಾಡಿ ಕೊಡಬೇಕೆಂದು ಆಫೀಸಿನ ಗುಮಾಸ್ತೆ ಮೊನ್ನೆ ಕೇಳಿದಳು. ಮೂವತ್ತೊಂಬತ್ತು ಹುಡುಗಿಯರದು ನಾನು ವಾರವಾರವೂ ಓದಿದ್ದೆ. ನಿನ್ನದನ್ನು ಮೊನ್ನೆಯೇ ಮೊದಲ ಸಲ ತೆರೆದದ್ದು. ಇಪ್ಪತ್ತಮೂರನೆಯ ಹೆಸರು ಬುಧವಾರಕ್ಕೆ ಬರುತ್ತಿತ್ತು. ಪ್ರತಿ ಬುಧವಾರ ಅದರ ಮುಂದೆ "ಮನೆಯಲ್ಲೇ ಇದ್ದಾಳೆ, ಕ್ಷೇಮ" ಎಂದು ಬರೆದು ಮುಂದಿನ ಹುಡುಗಿಗೆ ಫೋನ್ ಮಾಡುತ್ತಿದ್ದೆ.

ಮಾತಾಡೋಕೆ ಯಾರಿದ್ದಾರೆ ಎಂಬುದಕ್ಕೆ ಮೊದಲ ವಾರ ನೀನು "ಅಮ್ಮ" ಎಂದು ಬರೆದಿದ್ದೆ. ಆಮೇಲೆ "ಅಮ್ಮ, ಬಿಡುವಾದಾಗ". ಆಗಸ್ಟಿನಿಂದ ಆಚೆಗೆ ಆ ಜಾಗ ಖಾಲಿ. ಟೀಚರ್ ಫೋನ್ ಮಾಡಬೇಕಾ ಎಂಬುದಕ್ಕೆ ಮಾತ್ರ ಅಲ್ಲಿಂದ ಕೊನೆಯವರೆಗಿನ ಹದಿನಾಲ್ಕು ವಾರವೂ "ಹೌದು". ಕೊನೆಯದರಲ್ಲಿ, ನೀನು ಬೀಳುವ ಐದು ದಿನ ಮುಂಚೆ, ಕೆಳಗೆ ಒಂದು ಸಾಲು ಇತ್ತು: "ಮಿಸ್, ನನಗೂ ಒಂದು ಸಲ ಫೋನ್ ಮಾಡಿ. ಪಕ್ಕದ ಕೋಣೇಲೇ ಇದ್ದೀನಿ."

ಈ ಬುಧವಾರ ಈ ಪತ್ರ ನಿನಗೆ ತಲುಪಿರುವುದಿಲ್ಲ. ಮುಂದಿನ ಬುಧವಾರ ಸಂಜೆ ನಾಲ್ಕಕ್ಕೆ ಚಿಕ್ಕಮ್ಮನ ಫೋನಿಗೆ ಮಾಡುತ್ತೇನೆ. ನಿನ್ನ ಕೋಣೆಯಲ್ಲಿ, ನಿನ್ನ ಮಂಚದ ಮೇಲೆ ಕೂತು ಮಾಡುತ್ತೇನೆ. ನೀನು ಎತ್ತದಿದ್ದರೆ ಅದರ ಮುಂದಿನ ಬುಧವಾರವೂ ಮಾಡುತ್ತೇನೆ. ಆ ದಿನಗಳಲ್ಲಿ ಬೇರೆ ಯಾರಿಗೂ ಮಾಡುವುದಿಲ್ಲ.