ಲಾಗ್‌ಔಟ್ ಆಗದವರು

೧೨ ಮಾರ್ಚ್ ೨೦೦೮, ಬುಧವಾರ

ಹರಿಣಾಕ್ಷಿಯವರ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನಾನು ನೋಡಿಕೊಳ್ಳುವ ಬೇಲಾಪುರದ ಆಫೀಸಿನ ಸರ್ವರ್ ಶೇಕಡಾ ತೊಂಬತ್ತೆಂಟು ತುಂಬಿತ್ತು. ಹೊಸ ಡಿಸ್ಕ್ ಸೇರಿಸಿ ಜಾಗ ಹೆಚ್ಚಿಸಬೇಕಾದರೆ ಎಲ್ಲರ ಫೈಲುಗಳಿರುವ ಫೈಲ್ ಸಿಸ್ಟಮನ್ನು ಹತ್ತು ನಿಮಿಷ ಸರ್ವರ್‌ನಿಂದ ಕಳಚಿಡಬೇಕು, ಅಷ್ಟು ಹೊತ್ತು ಯಾರೂ ಅದರೊಳಗೆ ಇರಬಾರದು. ಎಲ್ಲರನ್ನೂ ಲಾಗ್‌ಔಟ್ ಮಾಡಿಸಿದೆ. ಆದರೂ ಪರದೆಯ ಮೇಲೆ 'ಬ್ಯುಸಿ' ಎಂದೇ ಬರುತ್ತಿತ್ತು, ಅಂದರೆ ಯಾರೋ ಇನ್ನೂ ಒಳಗಿದ್ದಾರೆ. ಮೂರನೆಯ ಸಲಕ್ಕೆ, ಅಲ್ಲೇ ಕೆಲಸ ಮಾಡುವ ಹರಿಣಾಕ್ಷಿಯವರ ಮೇಲೆ ಎಲ್ಲರೆದುರೇ ರೇಗಿದೆ.

"ಹರಿಣಾಕ್ಷಿ ಮೇಡಂ, ನಿಮ್ದೇ ಇರ್ಬೇಕು. ಒಂದು ಸಲ ಹೇಳಿದ್ರೆ ಗೊತ್ತಾಗುದಿಲ್ವಾ?"

"ನಾನು ಆಗ್ಲೇ ಬಂದ್ ಮಾಡಿದ್ದೇನೆ ಮಾರಾಯ್ರೆ," ಎಂದರು.

ಆಮೇಲೆ ಒಳಗಿರುವವರ ಪಟ್ಟಿ ತೆಗೆದು ನೋಡಿದೆ. ಒಂದೇ ಹೆಸರು, ನನ್ನದು. ಬೆಳಗ್ಗೆ ನಾನೇ ತೆರೆದು ಮರೆತಿದ್ದ ವಿಂಡೋ. ಸದ್ದಿಲ್ಲದೆ ಮುಚ್ಚಿದೆ. ಜಾಗ ಹೆಚ್ಚಿತು.

"ಆಯ್ತಾ? ಹಾಗಾದ್ರೆ ನಂದೇ ಇತ್ತೇನೋ, ಸಾರಿ ಹಾಂ," ಎಂದರು ಹರಿಣಾಕ್ಷಿ.

"ಪರವಾಗಿಲ್ಲ ಬಿಡಿ," ಎಂದೆ ನಾನು.